ಆಡದವನ ಹೆಸರಿಗೆ ಎರಡು ಹಿಟ್: ಬೇಸ್‌ಬಾಲ್ ಸ್ಕೋರಿಂಗ್ ಆ್ಯಪ್‌ನಲ್ಲಿ ಆಟಗಾರರ ಬದಲಾವಣೆ ಎಡವಟ್ಟಾದರೆ ಹುಡುಕುವುದು ಹೇಗೆ

ಮೊನ್ನೆ ಭಾನುವಾರ ಯಲಹಂಕದ ಆಚೆಗಿನ ಮೈದಾನದಲ್ಲಿ ಆಟ ಮುಗಿಸಿ, ವಾಪಸ್ ಬರುವಾಗ ಒಂದು ದರ್ಶಿನಿ ಮುಂದೆ ನಿಂತು ಬೈಟೂ ಕಾಫಿ ಕುಡಿಯುತ್ತಿದ್ದೆವು. ಅಷ್ಟರಲ್ಲಿ ವಾಟ್ಸಾಪ್ ಗುಂಪಿಗೆ ನಮ್ಮ ಆ್ಯಪ್‌ನಿಂದ ಬಾಕ್ಸ್ ಸ್ಕೋರ್ (ಒಬ್ಬೊಬ್ಬ ಆಟಗಾರನ ಅಂಕಿಗಳ ಪಟ್ಟಿ) ಬಂತು. ಐದು ಇನ್ನಿಂಗ್ಸ್ ಪೂರ್ತಿ ಬೆಂಚಿನ ಮೇಲೆ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದ 31ನೇ ಶರ್ಟಿನ ಹುಡುಗನ ಮುಂದೆ ಮೂರು ಅಟ್‌ಬ್ಯಾಟ್ (ಲೆಕ್ಕಕ್ಕೆ ಸೇರುವ ಬ್ಯಾಟಿಂಗ್ ಸರದಿ), ಎರಡು ಹಿಟ್ (ಹೊಡೆದು ಬೇಸ್ ಸೇರಿದ್ದು), ಒಂದು ರನ್. ಅವನು ಮಾಡಿದ್ದು ಇಷ್ಟೇ: ಆರನೇ ಇನ್ನಿಂಗ್ಸ್‌ನಲ್ಲಿ ಪಿಂಚ್ ಹಿಟ್ಟರ್ (ಇನ್ನೊಬ್ಬನ ಬದಲು ಬ್ಯಾಟ್ ಹಿಡಿಯುವವನು) ಆಗಿ ಬಂದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗಿ ಹೋದ. ಆ ಎರಡು ಹಿಟ್ ಹೊಡೆದ 23ನೇ ಶರ್ಟಿನವರ ಹೆಸರು ಪಟ್ಟಿಯಲ್ಲೇ ಇಲ್ಲ. "ಏನ್ ಸಾರ್, ನಾನು ಇವತ್ತು ಆಟಕ್ಕೆ ಬಂದೇ ಇರ್ಲಿಲ್ವಾ?" ಅಂತ ಲೋಟ ಕೆಳಗಿಟ್ಟು ಕೇಳಿದರು.

ಈ ಆ್ಯಪ್ ನಾವು ಮೂವರು ಗೆಳೆಯರು ವಾರಾಂತ್ಯದ ಆಟಗಳಿಗೆಂದು ಕೂಡಿಕೊಂಡು ಬರೆದದ್ದು. ಈಗ ಬೇರೆ ತಂಡದವರೂ ಬಳಸುತ್ತಿದ್ದಾರೆ, ಹಾಗಾಗಿ ಬೈಗುಳವೂ ನನಗೇ ಬರುತ್ತದೆ. ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಆಟಗಾರರ ಬದಲಾವಣೆಯದ್ದು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡುವ ಮುಂಚೆ ನೀವೇ ನೋಡಿಕೊಳ್ಳಬಹುದಾದಷ್ಟನ್ನು ಇಲ್ಲಿ ಬರೆದಿದ್ದೇನೆ. ಇಂಥದ್ದೇ ಆ್ಯಪ್ ಬರೆಯುವ ಯೋಚನೆ ಇರುವವರಿಗೆ ನಾವು ಬಿದ್ದ ಗುಂಡಿಗಳೂ ಇಲ್ಲೇ ಸಿಗುತ್ತವೆ.

ಮೊದಲು ಕೈಕಟ್ಟಿ ಕೂರಿ

ತಪ್ಪು ಕಂಡ ಕೂಡಲೇ ಲೈನ್‌ಅಪ್ (ಆಡುವವರ ಪಟ್ಟಿ) ಪುಟಕ್ಕೆ ಹೋಗಿ ಹೆಸರು ಬದಲಿಸಬೇಡಿ. ಹತ್ತರಲ್ಲಿ ಒಂಬತ್ತು ಜನ ಮಾಡುವುದು ಇದನ್ನೇ. ಆಮೇಲೆ ಮೂಲ ತಪ್ಪು ಯಾವುದು, ರಿಪೇರಿಯಿಂದ ಹುಟ್ಟಿದ ತಪ್ಪು ಯಾವುದು ಅಂತ ಬಿಡಿಸಲು ಒಂದು ಸಂಜೆ ಬೇಕು. ಆಟದ ಫೈಲನ್ನು ಒಂದು ನಕಲು ಮಾಡಿ ಇಟ್ಟುಕೊಂಡು, ನಕಲಿನ ಮೇಲೆ ಕೆಲಸ ಮಾಡಿ.

ಮುಂದಿನ ಕೆಲಸ ಒಂದು ಲೆಕ್ಕ. ಬೇಸ್‌ಬಾಲ್‌ನ ಅಧಿಕೃತ ನಿಯಮಪುಸ್ತಕದಲ್ಲೇ, 9.03ನೇ ನಿಯಮದಲ್ಲಿ, ಬಾಕ್ಸ್ ಸ್ಕೋರ್ ತಾಳೆ ನೋಡುವ ಬಗೆ ಹೇಳಿದೆ. ಒಂದು ತಂಡದ ಅಟ್‌ಬ್ಯಾಟ್, ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಮೊದಲ ಬೇಸ್), ಚೆಂಡು ಮೈಗೆ ತಾಗಿ ಬೇಸ್ ಪಡೆದದ್ದು, ಸ್ಯಾಕ್ರಿಫೈಸ್ ಬಂಟ್, ಸ್ಯಾಕ್ರಿಫೈಸ್ ಫ್ಲೈ (ತಾನು ಔಟ್ ಆಗಿ ಓಟಗಾರನನ್ನು ಮುಂದೆ ಕಳಿಸುವ ಮೆಲುಹೊಡೆತ, ಎತ್ತರದ ಹೊಡೆತ), ಅಡ್ಡಿಯಿಂದಾಗಿ ಮೊದಲ ಬೇಸ್ ಸಿಕ್ಕಿದ್ದು, ಇಷ್ಟನ್ನೂ ಕೂಡಿ. ಇನ್ನೊಂದು ಕಡೆ ಅದೇ ತಂಡದ ರನ್, ಬೇಸ್ ಮೇಲೆ ಉಳಿದವರು, ಎದುರಾಳಿಯ ಪುಟ್‌ಔಟ್ (ಅವರು ಮಾಡಿದ ಔಟ್) ಕೂಡಿ. ಎರಡೂ ಒಂದೇ ಬರಬೇಕು. ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನೂ ರನ್ ಆಗಿರಬೇಕು, ಔಟ್ ಆಗಿರಬೇಕು, ಇಲ್ಲವೇ ಬೇಸ್ ಮೇಲೆ ನಿಂತಿರಬೇಕು. ನಾಲ್ಕನೇ ದಾರಿ ಇಲ್ಲ. ನಮ್ಮದು ಏಳು ಇನ್ನಿಂಗ್ಸ್ ಆಟ. ಆ ಭಾನುವಾರ ನಮ್ಮ ತಂಡದ್ದು 27 ಅಟ್‌ಬ್ಯಾಟ್, 4 ವಾಕ್, ಒಬ್ಬನಿಗೆ ಚೆಂಡಿನ ಪೆಟ್ಟು, 1 ಸ್ಯಾಕ್ರಿಫೈಸ್ ಬಂಟ್, ಒಟ್ಟು 33. ಆ ಕಡೆ 5 ರನ್, ಬೇಸ್ ಮೇಲೆ ಉಳಿದವರು 7, ಪುಟ್‌ಔಟ್ 21, ಅದೂ 33.

ತಾಳೆಯಾಯಿತು. ಆದರೂ ಬಾಕ್ಸ್ ಸ್ಕೋರ್ ತಪ್ಪು. ಈ ಲೆಕ್ಕದ ನಿಜವಾದ ಉಪಯೋಗ ಇಲ್ಲಿದೆ. ಲೆಕ್ಕ ಇಡೀ ತಂಡದ್ದು. ಯಾರ ಹಿಟ್ ಯಾರ ಖಾತೆಗೆ ಹೋಯಿತು ಎಂಬುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ತಾಳೆ ಬರದಿದ್ದರೆ ಆಟ ಬರೆಯುವಾಗಲೇ ಏನೋ ಬಿಟ್ಟುಹೋಗಿದೆ: ಒಂದು ಔಟ್, ಒಂದು ವಾಕ್, ಹೀಗೆ. ತಾಳೆ ಬಂದೂ ಒಬ್ಬೊಬ್ಬರ ಅಂಕಿ ಹಳಿ ತಪ್ಪಿದ್ದರೆ ಬದಲಾವಣೆಯಲ್ಲಿ ತೊಂದರೆ ಎಂದು ಹಿಡಿಯಿರಿ. ಈ ಒಂದು ನಿಮಿಷದ ಕೆಲಸ ಅರ್ಧ ದಿನ ಉಳಿಸುತ್ತದೆ.

ಒಂದು ಎಚ್ಚರಿಕೆ. ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಎರಡನೇ ಬೇಸ್ ಮೇಲೆ ಒಬ್ಬನನ್ನು ಸುಮ್ಮನೆ ತಂದು ನಿಲ್ಲಿಸುವ ನಿಯಮ ಇದೆಯಲ್ಲ (ಅಮೆರಿಕದ ಮೇಜರ್ ಲೀಗ್‌ಗೆ 2020ರಲ್ಲಿ ಬಂದು 2023ರಲ್ಲಿ ಕಾಯಂ ಆದದ್ದು), ಅದನ್ನು ನೀವು ಬಳಸುತ್ತಿದ್ದರೆ ಲೆಕ್ಕ ಏರುಪೇರಾಗುತ್ತದೆ. ಆ ಓಟಗಾರ ಬ್ಯಾಟ್ ಹಿಡಿಯದೇ ಬಂದವನು. ಅಂಥವರು ಎಷ್ಟು ಜನ ನಿಂತರೋ ಅಷ್ಟು ಅಂಕಿ ಬಲಗಡೆ ಜಾಸ್ತಿ ಬರುತ್ತದೆ. ಅದು ದೋಷವಲ್ಲ.

ಮೂರು ಬಗೆಯ ನಂಬರ್, ಒಂದೇ ಗೊಂದಲ

ದೊಡ್ಡ ರೋಗ ಹುಡುಕುವ ಮುಂಚೆ ನೆಗಡಿ ನೋಡಿಬಿಡೋಣ. ಬೇಸ್‌ಬಾಲ್‌ನಲ್ಲಿ ಒಬ್ಬ ಆಟಗಾರನಿಗೆ ಏಕಕಾಲಕ್ಕೆ ಮೂರು ನಂಬರ್. ಬೆನ್ನ ಮೇಲಿನ ಶರ್ಟ್ ನಂಬರ್ ಒಂದು. ಬ್ಯಾಟಿಂಗ್ ಕ್ರಮದಲ್ಲಿ 1ರಿಂದ 9ರವರೆಗಿನ ಜಾಗ ಇನ್ನೊಂದು. ಫೀಲ್ಡಿಂಗ್ ಸ್ಥಾನದ ನಂಬರ್ ಮತ್ತೊಂದು: ಪಿಚರ್ (ಚೆಂಡು ಎಸೆಯುವವನು) 1, ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನವನು) 6, ಎಡ, ನಡು, ಬಲ ಔಟ್‌ಫೀಲ್ಡ್ 7, 8, 9. ಮೂರನೇ ಬೇಸ್ ಕಾಯುವವನ ನಂಬರ್ 5, ಶಾರ್ಟ್‌ಸ್ಟಾಪ್ 6 ಎಂಬುದು ಹೊಸಬರಿಗೆ ಮೊದಲ ತಿಂಗಳು ತಲೆಗೆ ಹತ್ತುವುದಿಲ್ಲ.

"7ಕ್ಕೆ ಹೊಸಬ" ಅಂತ ನಾಯಕ ದೂರದಿಂದ ಕೂಗಿದರೆ ಸ್ಕೋರರ್ ಯಾವ 7 ಒತ್ತಬೇಕು? ನಮ್ಮ ಹಳೆಯ ಪರದೆಯಲ್ಲಿ ಮೂರೂ ಒಂದೇ ಗಾತ್ರದಲ್ಲಿ, ಒಂದೇ ಬಣ್ಣದಲ್ಲಿ ಇದ್ದವು. ತಪ್ಪು ಸ್ಕೋರರ್‌ದಲ್ಲ, ನಮ್ಮದು. ಈಗ ಶರ್ಟ್ ನಂಬರ್ ಒಂದು ಶರ್ಟಿನ ಚಿತ್ರದೊಳಗೆ ಇದೆ, ಫೀಲ್ಡಿಂಗ್ ಸ್ಥಾನ ಮೈದಾನದ ನಕ್ಷೆಯ ಮೇಲೆ ಇದೆ. ಹಳೆಯ ಆವೃತ್ತಿ ಇಟ್ಟುಕೊಂಡವರು ಒಂದು ಉಪಾಯ ಮಾಡಿ: ಒಂದಂಕಿಯ ಶರ್ಟಿನವರು ತಂಡದಲ್ಲಿ ಎಷ್ಟಿದ್ದಾರೆ ನೋಡಿ, ಅನುಮಾನ ಅವರಿಂದಲೇ ಶುರು ಮಾಡಿ.

ತಿದ್ದುವುದು ಬೇರೆ, ಬದಲಿಸುವುದು ಬೇರೆ

ಈಗ ಕಾಯಿಲೆಯ ಬೇರಿಗೆ ಬರೋಣ. ನಮ್ಮ ಆ್ಯಪ್‌ನಲ್ಲಿ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಆಯ್ಕೆ ಬರುತ್ತಿತ್ತು, "ತಿದ್ದು" ಮತ್ತು "ಬದಲಿಸು". ಕನ್ನಡ ಬಲ್ಲ ಯಾರಿಗಾದರೂ ಎರಡೂ ಒಂದೇ ಅನಿಸುತ್ತದೆ. ಆಟದ ಲೆಕ್ಕದಲ್ಲಿ ಅವು ಉತ್ತರ ದಕ್ಷಿಣ. "ತಿದ್ದು" ಎಂದರೆ ಆಟ ಶುರುವಾಗುವ ಮುಂಚೆ ಸ್ಕೋರರ್ ತಪ್ಪು ಹೆಸರು ಬರೆದಿದ್ದಳು, ನಿಜವಾಗಿ ಆಡುತ್ತಿರುವವರು ಮೊದಲಿನಿಂದಲೂ ಇವರೇ ಎಂದು ಅರ್ಥ. "ಬದಲಿಸು" ಎಂದರೆ ಇಲ್ಲಿಯವರೆಗೆ ಅವರು ಆಡಿದರು, ಈ ಗಳಿಗೆಯಿಂದ ಇವರು ಎಂದು ಅರ್ಥ. ಮೊದಲನೆಯದು ಹಿಂದಿನದನ್ನೆಲ್ಲ ಬದಲಾಯಿಸಬೇಕು. ಎರಡನೆಯದು ಹಿಂದಿನದನ್ನು ಮುಟ್ಟಲೇಬಾರದು. ಆ ಭಾನುವಾರ ಸ್ಕೋರರ್ "ತಿದ್ದು" ಒತ್ತಿದ್ದಳು. 23ರವರ ಇಡೀ ಮಧ್ಯಾಹ್ನ 31ರ ಹುಡುಗನಿಗೆ ಹೋಯಿತು.

ಇದನ್ನು ಕಣ್ಣಲ್ಲೇ ಪತ್ತೆ ಮಾಡಬಹುದು. ಬಾಕ್ಸ್ ಸ್ಕೋರಿನಲ್ಲಿ ಬದಲಿಯಾಗಿ ಬಂದವರ ಹೆಸರು ಮೂಲ ಆಟಗಾರನ ಕೆಳಗೆ ಸ್ವಲ್ಪ ಒಳಗೆ ಸರಿದು ಬರುವುದು ರೂಢಿ. ಬದಲಾವಣೆ ಆಗಿದೆ ಎಂದು ನಿಮಗೆ ಗೊತ್ತಿರುವ ಜಾಗದಲ್ಲಿ ಒಂದೇ ಹೆಸರಿದ್ದು, ಒಳಗೆ ಸರಿದ ಸಾಲು ಇಲ್ಲದಿದ್ದರೆ, ಅಲ್ಲಿ "ತಿದ್ದು" ಬಿದ್ದಿದೆ. ಸರಿಪಡಿಸುವುದು ಹೀಗೆ: ಅದೇ ಹೆಸರಿನ ಮೇಲೆ ಮತ್ತೆ "ತಿದ್ದು" ಒತ್ತಿ ಮೂಲ ಆಟಗಾರನನ್ನು ವಾಪಸ್ ತನ್ನಿ. ಆಮೇಲೆ ಆಟದ ಪಟ್ಟಿಯಲ್ಲಿ ಬದಲಾವಣೆ ನಡೆದ ಜಾಗಕ್ಕೆ ಹೋಗಿ, ಆ ಸಾಲಿನ ಮೊದಲು "ಬದಲಾವಣೆ ಸೇರಿಸು" ಒತ್ತಿ. ಕ್ರಮ ತಿರುಗುಮುರುಗಾದರೆ ಕೆಲಸ ಕೆಡುತ್ತದೆ.

ಬಟನ್ನಿನ ಹೆಸರು ಬದಲಿಸಿದರೆ ಮುಗಿಯುತ್ತದೆ ಎಂದು ನಾವೂ ಅಂದುಕೊಂಡಿದ್ದೆವು. ಮುಗಿಯಲಿಲ್ಲ, ಏಕೆಂದರೆ ಒಳಗಿನ ಕಟ್ಟಡವೇ ಸೊಟ್ಟ. ನಮ್ಮ ಡೇಟಾಬೇಸ್‌ನಲ್ಲಿ ಲೈನ್‌ಅಪ್ ಎಂಬ ಒಂಬತ್ತು ಸಾಲಿನ ಟೇಬಲ್ ಇತ್ತು. ಪ್ರತಿ ಹಿಟ್, ಪ್ರತಿ ಔಟ್ ದಾಖಲಾಗುವಾಗ "ನಾಲ್ಕನೇ ಜಾಗದವನು ಹೊಡೆದ" ಎಂದಷ್ಟೇ ಬರೆದುಕೊಳ್ಳುತ್ತಿತ್ತು. ನಾಲ್ಕನೇ ಜಾಗದಲ್ಲಿ ಯಾರಿದ್ದಾರೆ ಎಂದು ಬಾಕ್ಸ್ ಸ್ಕೋರ್ ತಯಾರಿಸುವಾಗ ನೋಡುತ್ತಿತ್ತು. ಬಾಡಿಗೆ ಮನೆಯ ಕರೆಂಟ್ ಬಿಲ್ಲಿನ ಹಾಗೆ: ಮೀಟರ್ ಮನೆಯದ್ದು, ಬಿಲ್ ಬರುವ ಹೊತ್ತಿಗೆ ಯಾರು ಒಳಗಿದ್ದಾರೋ ಅವರ ತಲೆಗೆ.

ನಾವು ಹೀಗೆ ಯಾಕೆ ಕಟ್ಟಿದೆವು ಎಂದು ಆಮೇಲೆ ಯೋಚಿಸಿದೆ. ನಮ್ಮ ಮೂವರ ತಲೆಯಲ್ಲೂ ಇದ್ದದ್ದು ಕ್ರಿಕೆಟ್. ಅಲ್ಲಿ ಹನ್ನೆರಡನೆಯವನು ಬಂದು ಫೀಲ್ಡ್ ಮಾಡುತ್ತಾನೆ, ಬ್ಯಾಟ್ ಹಿಡಿಯುವುದಿಲ್ಲ, ಬೌಲ್ ಮಾಡುವುದಿಲ್ಲ, ಅಸಲು ಆಟಗಾರ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ವಾಪಸ್ ಬರುತ್ತಾನೆ. ಸ್ಕೋರ್ ಪುಸ್ತಕದ ಹನ್ನೊಂದು ಹೆಸರು ಅಲುಗಾಡುವುದೇ ಇಲ್ಲ. ತಲೆಗೆ ಪೆಟ್ಟಾದವರ ಬದಲು ಪೂರ್ಣ ಆಟಗಾರ ಬರುವ ನಿಯಮ ಟೆಸ್ಟ್ ಕ್ರಿಕೆಟ್‌ಗೆ ಬಂದದ್ದೇ 2019ರಲ್ಲಿ, ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲು ಲಬುಶೇನ್ ಇಳಿದಾಗ ಅದು ಮೊದಲ ಸಲ ನಡೆಯಿತು. ಬೇಸ್‌ಬಾಲ್‌ಗೆ ಹತ್ತಿರದ ಹೋಲಿಕೆ ಬೇಕಾದರೆ 2023ರಿಂದ ಐಪಿಎಲ್‌ನಲ್ಲಿರುವ ಇಂಪ್ಯಾಕ್ಟ್ ಪ್ಲೇಯರ್ ನೋಡಿ. ಹೊರಗೆ ಹೋದವನು ಹೋದ, ಬಂದವನು ಪೂರ್ತಿ ಆಟಗಾರ. ಬೇಸ್‌ಬಾಲ್‌ನಲ್ಲಿ ಪ್ರತಿ ಬದಲಾವಣೆಯೂ ಹಾಗೆಯೇ, ಅದೂ ಒಂದು ಆಟದಲ್ಲಿ ಎಷ್ಟು ಸಲ ಬೇಕಾದರೂ.

ಈಗಿನ ಆವೃತ್ತಿಯಲ್ಲಿ ಲೈನ್‌ಅಪ್ ಟೇಬಲ್ಲೇ ಇಲ್ಲ. ಶುರುವಿನ ಪಟ್ಟಿ ಒಂದು, ಅದರ ನಂತರ ನಡೆದದ್ದರ ಸಾಲು ಒಂದು. ಹಿಟ್ ಕೂಡ ಘಟನೆ, ಬದಲಾವಣೆಯೂ ಘಟನೆ. ಪ್ರತಿ ಹಿಟ್ಟಿನ ಸಾಲಿನಲ್ಲಿ ಹೊಡೆದವನ ಗುರುತು ನೇರವಾಗಿ ಇರುತ್ತದೆ. ಈ ಗಳಿಗೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ತಿಳಿಯಬೇಕಾದರೆ ಆ್ಯಪ್ ಮೊದಲಿನಿಂದ ಆ ಸಾಲನ್ನು ಓದಿಕೊಂಡು ಬರುತ್ತದೆ. ನಿಧಾನ ಆಗುತ್ತದೆ ಎಂದು ಹೆದರಿದ್ದೆ. ಒಂದು ಆಟದಲ್ಲಿ ಪಿಚ್ ಪಿಚ್ಚೂ (ಎಸೆದ ಒಂದೊಂದು ಚೆಂಡೂ) ಬರೆದರೂ ಕೆಲವು ನೂರು ಸಾಲು, ಹಳೆಯ ಫೋನಿಗೂ ಅದು ಲೆಕ್ಕಕ್ಕಿಲ್ಲ.

ಬದಲಾವಣೆ ನಡೆದದ್ದು ಯಾವಾಗ?

ಎರಡನೇ ದೊಡ್ಡ ದೂರು: ಬದಲಾವಣೆ ದಾಖಲಾಗಿದೆ, ಹೆಸರೂ ಸರಿ, ಆದರೆ ಒಬ್ಬ ಬ್ಯಾಟರ್ ತಡವಾಗಿ. ಕಾರಣ ಸರಳ. ನಾಯಕ ಅಂಪೈರ್‌ಗೆ ಹೇಳಬೇಕು, ಅಂಪೈರ್ ಎಲ್ಲರಿಗೂ ಹೇಳಬೇಕು. ನಮ್ಮ ಆಟಗಳಲ್ಲಿ ನಾಯಕ "ಲೋ, ನೀನ್ ಹೋಗೋ" ಅನ್ನುತ್ತಾನೆ, ಹುಡುಗ ಹೋಗುತ್ತಾನೆ, ಸ್ಕೋರರ್‌ಗೆ ಎರಡು ಔಟ್ ಆದ ಮೇಲೆ ಗೊತ್ತಾಗುತ್ತದೆ.

ಘೋಷಣೆ ಇಲ್ಲದೆ ಬಂದವನ ಬಗ್ಗೆ ನಿಯಮಪುಸ್ತಕ 5.10ರಲ್ಲಿ ಸ್ಪಷ್ಟವಾಗಿದೆ. ಬ್ಯಾಟರ್ ಆದರೆ ಬ್ಯಾಟರ್ ಬಾಕ್ಸ್‌ನಲ್ಲಿ ನಿಂತಾಗ ಆಟಕ್ಕೆ ಬಂದ ಹಾಗೆ. ಪಿಚರ್ ಆದರೆ ಪಿಚರ್ ಪ್ಲೇಟಿನ ಮೇಲೆ ಜಾಗ ಹಿಡಿದಾಗ. ಫೀಲ್ಡರ್ ಆದರೆ ಹೊರಹೋದವನ ಜಾಗಕ್ಕೆ ಬಂದು ಆಟ ಮುಂದುವರಿದಾಗ. ಓಟಗಾರ ಆದರೆ ಹಳೆಯ ಓಟಗಾರನ ಬೇಸ್ ಮೇಲೆ ನಿಂತಾಗ. ಯಾರು ಯಾರಿಗೆ ಹೇಳಿದರು, ಹೇಳಲಿಲ್ಲ ಎಂಬ ಜಗಳ ಲೆಕ್ಕಕ್ಕೆ ಬೇಕಿಲ್ಲ. ಆ್ಯಪ್‌ನಲ್ಲಿ ಆ ಗಳಿಗೆಗೆ ಹಿಂದೆ ಹೋಗಿ ಬದಲಾವಣೆ ಸೇರಿಸಿ. ಮುಂದಿನ ಸಾಲುಗಳಲ್ಲಿ ಹಳಬನ ಹೆಸರು ಉಳಿದಿದ್ದರೆ ಹಳದಿ ಬಣ್ಣದಲ್ಲಿ ಕಾಣುತ್ತವೆ. ಅವನ್ನು ಒಂದೊಂದಾಗಿ ನೋಡಿ ಒಪ್ಪಬೇಕು. ಎಲ್ಲವನ್ನೂ ತಾನೇ ಬದಲಿಸುವ ಸೌಲಭ್ಯ ಬೇಕೆಂದು ಎಷ್ಟೋ ಜನ ಕೇಳಿದ್ದಾರೆ. ಕೊಡುವುದಿಲ್ಲ. ಒಮ್ಮೆ ಕೊಟ್ಟಿದ್ದೆವು, ಅದರ ಕತೆ ಬೇಡ.

ಬ್ಯಾಟರ್ ಅರ್ಧದಲ್ಲಿ ಬದಲಾದರೆ ಲೆಕ್ಕ ಸ್ವಾರಸ್ಯವಾಗುತ್ತದೆ. ಎರಡು ಸ್ಟ್ರೈಕ್ ಆದಮೇಲೆ ಒಬ್ಬ ಹೊರಗೆ ಹೋಗಿ, ಬದಲಿಗೆ ಬಂದವನು ಸ್ಟ್ರೈಕ್‌ಔಟ್ ಆದರೆ ಅದು ಮೊದಲನೆಯವನ ಖಾತೆಗೆ, ಅಟ್‌ಬ್ಯಾಟ್ ಕೂಡ. ಬಂದವನು ಹಿಟ್ ಹೊಡೆದರೂ, ವಾಕ್ ಪಡೆದರೂ, ಬೇರೆ ಹೇಗೆ ಔಟ್ ಆದರೂ ಅವನದೇ. ಒಂದೇ ಸ್ಟ್ರೈಕ್ ಇದ್ದಾಗ ಬಂದರೆ ಎಲ್ಲವೂ ಬಂದವನದು. "ಆ್ಯಪ್ ತಪ್ಪು ತೋರಿಸ್ತಿದೆ, ಬೆಂಚಲ್ಲಿ ಕೂತವನಿಗೆ ಸ್ಟ್ರೈಕ್‌ಔಟ್ ಕೊಟ್ಟಿದೆ" ಎಂಬ ದೂರು ಬಂದರೆ ಮೊದಲು ಸ್ಟ್ರೈಕ್‌ಗಳ ಎಣಿಕೆ ನೋಡಿ. ಬಹುಪಾಲು ಆ್ಯಪ್ ಸರಿಯಾಗಿಯೇ ಇರುತ್ತದೆ.

ಪಿಚರ್ ಅರ್ಧದಲ್ಲಿ ಬದಲಾದಾಗಲೂ ಹೀಗೇ ಒಂದು ಸೂಕ್ಷ್ಮವಿದೆ. ಬಾಲ್–ಸ್ಟ್ರೈಕ್ ಎಣಿಕೆ (ಮೊದಲ ಅಂಕಿ ಬಾಲ್, ಅಂದರೆ ಕೆಟ್ಟ ಚೆಂಡು) 2–0, 2–1, 3–0, 3–1, 3–2 ಇದ್ದಾಗ ಹೊಸ ಪಿಚರ್ ಬಂದು, ಆ ಬ್ಯಾಟರ್ ವಾಕ್ ಪಡೆದರೆ ಆ ವಾಕ್ ಹಳೆಯ ಪಿಚರ್‌ನದು. ಅದೇ ಎಣಿಕೆಯಲ್ಲಿ ವಾಕ್ ಬಿಟ್ಟು ಬೇರೆ ದಾರಿಯಲ್ಲಿ ಬೇಸ್ ಸೇರಿದರೆ ಹೊಸಬನದು. 2–2, 1–2, 1–1, 1–0, 0–2, 0–1 ಇದ್ದಾಗ ಬಂದರೆ ಏನಾದರೂ ಹೊಸಬನದೇ. ಪಿಚ್ ಪಿಚ್ ಬರೆಯದೆ ಫಲಿತಾಂಶ ಮಾತ್ರ ಒತ್ತುವವರಿಗೆ ಇದು ಸರಿ ಬರುವುದೇ ಇಲ್ಲ, ಆ್ಯಪ್‌ಗೆ ಎಣಿಕೆ ಗೊತ್ತಿರುವುದಿಲ್ಲ. ಪಿಚರ್ ಬದಲಾದ ಆ ಒಬ್ಬ ಬ್ಯಾಟರ್‌ಗಾದರೂ ಎಣಿಕೆ ತುಂಬಿಸಿ.

ಹಳೆಯ ಪಿಚರ್ ಬಿಟ್ಟುಹೋದ ಸಾಲ

ಪಿಚರ್ ಬದಲಾವಣೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇದು. ಹಳೆಯ ಪಿಚರ್ ಇಬ್ಬರನ್ನು ಬೇಸ್ ಮೇಲೆ ಬಿಟ್ಟು ಹೋಗಿದ್ದಾನೆ, ಹೊಸಬ ಬಂದ ಮೇಲೆ ಅವರು ರನ್ ಆದರು. ಆ ರನ್ ಹಳಬನ ಲೆಕ್ಕಕ್ಕೆ. ಹಾಗಾಗಿ ಪ್ರತಿ ಓಟಗಾರನ ಕೊರಳಿಗೂ "ಇವನು ಇಂಥ ಪಿಚರ್‌ನ ಹೊಣೆ" ಎಂದು ಒಂದು ಚೀಟಿ ಕಟ್ಟಿದರಾಯಿತು ಅಂದುಕೊಂಡು ಹಾಗೇ ಬರೆದೆವು. ಮೂರು ವಾರ ಚೆನ್ನಾಗಿ ನಡೆಯಿತು.

ಆಮೇಲೆ ಒಂದು ಆಟದಲ್ಲಿ ಹೀಗಾಯಿತು. ಹಳೆಯ ಪಿಚರ್ ಒಬ್ಬನಿಗೆ ವಾಕ್ ಕೊಟ್ಟು ಹೊರಟ. ಹೊಸಬನ ಮೊದಲ ಚೆಂಡಿಗೆ ಮುಂದಿನ ಬ್ಯಾಟರ್ ನೆಲಕ್ಕೆ ಹೊಡೆದ, ಎರಡನೇ ಬೇಸ್‌ನಲ್ಲಿ ಮೊದಲಿನ ಓಟಗಾರ ಫೋರ್ಸ್ ಔಟ್ (ಮುಂದಿನ ಬೇಸ್‌ಗೆ ಓಡಲೇಬೇಕಾಗಿ ಬಂದು ಔಟ್), ಹೊಡೆದವನು ಮೊದಲ ಬೇಸ್‌ನಲ್ಲಿ ಉಳಿದ. ಅವನೇ ಕೊನೆಗೆ ರನ್ ಆದ. ಆ್ಯಪ್ ಆ ರನ್ನನ್ನು ಹೊಸ ಪಿಚರ್‌ಗೆ ಹಾಕಿತು. ನಿಯಮದ ಪ್ರಕಾರ ಅದು ಹಳಬನದು. 9.16ನೇ ನಿಯಮದ ಆಶಯವೇ ಇದು: ಹಳೆಯ ಪಿಚರ್ ಎಷ್ಟು ಜನರನ್ನು ಬಿಟ್ಟುಹೋದ ಎಂಬ ಸಂಖ್ಯೆ ಮುಖ್ಯ, ಯಾವ ಮನುಷ್ಯ ಎಂಬುದಲ್ಲ. ಓಟಗಾರ ಬದಲಾದರೂ ಸಾಲ ಹಾಗೇ ಉಳಿಯುತ್ತದೆ. ಹಾಗಾಗಿ ಫೀಲ್ಡರ್ಸ್ ಚಾಯ್ಸ್‌ನಲ್ಲಿ (ಹೊಡೆದವನನ್ನು ಬಿಟ್ಟು ಬೇರೆ ಓಟಗಾರನನ್ನು ಔಟ್ ಮಾಡಲು ಹೋದಾಗ) ಒಬ್ಬ ಔಟ್ ಆಗಿ ಇನ್ನೊಬ್ಬ ಉಳಿದರೆ, ಔಟ್ ಆದವನ ಚೀಟಿ ಉಳಿದವನ ಕೊರಳಿಗೆ ಹೋಗಬೇಕು. ಓಟಗಾರ ಬೇಸ್ ಕದಿಯಲು ಹೋಗಿ ಸಿಕ್ಕಿಬಿದ್ದರೆ ಮಾತ್ರ ಚೀಟಿ ಅಲ್ಲೇ ಹರಿಯಿತು, ಆ ಸಾಲ ತೀರಿತು.

ಪಿಂಚ್ ರನ್ನರ್ (ಓಟಗಾರನ ಬದಲು ಓಡಲು ಬರುವವನು) ಬಂದಾಗಲೂ ಚೀಟಿ ಅವನಿಗೆ ದಾಟಬೇಕು. ನಮ್ಮಲ್ಲಿ ದಾಟುತ್ತಿರಲಿಲ್ಲ. ಲಕ್ಷಣ: ಪಿಚರ್‌ಗಳ ರನ್ ಕೂಡಿದರೆ ತಂಡ ಕೊಟ್ಟ ರನ್‌ಗಿಂತ ಒಂದು ಕಡಿಮೆ. ಈ ಎರಡು ಅಂಕಿ ಬೇರೆ ಬಂದರೆ ಬೇರೇನೂ ಹುಡುಕಬೇಡಿ, ಪಿಂಚ್ ರನ್ನರ್ ರನ್ ಆದ ಸಾಲಿಗೇ ಹೋಗಿ. ಪಿಚರ್ ಹೆಸರಿನ ಜಾಗ ಖಾಲಿ ಇರುತ್ತದೆ, ಕೈಯಲ್ಲಿ ತುಂಬಿ. ಹೊಸ ಆವೃತ್ತಿಯಲ್ಲಿ ಸರಿಹೋಗಿದೆ.

ಡಿ.ಎಚ್. ಎಂಬ ಹತ್ತನೆಯವನು

ಪಿಚರ್ ಬದಲು ಬ್ಯಾಟ್ ಮಾತ್ರ ಹಿಡಿಯುವ ಡೆಸಿಗ್ನೇಟೆಡ್ ಹಿಟ್ಟರ್ (ಡಿ.ಎಚ್.) ಮೇಜರ್ ಲೀಗ್‌ನ ಒಂದು ಭಾಗವಾದ ಅಮೆರಿಕನ್ ಲೀಗ್‌ಗೆ ಬಂದದ್ದು 1973ರಲ್ಲಿ, ಇನ್ನೊಂದು ಭಾಗವಾದ ನ್ಯಾಷನಲ್ ಲೀಗ್‌ಗೂ ಕಾಯಂ ಆದದ್ದು 2022ರಲ್ಲಿ. ಡಿ.ಎಚ್. ಬದಲು ಪಿಂಚ್ ಹಿಟ್ಟರ್ ಬಂದರೆ ಬಂದವನೇ ಡಿ.ಎಚ್., ಅಲ್ಲಿ ತೊಡಕಿಲ್ಲ. ತೊಡಕು ಇರುವುದು ಡಿ.ಎಚ್. ಗ್ಲೌಸ್ ಹಾಕಿಕೊಂಡು ಫೀಲ್ಡ್‌ಗೆ ಇಳಿದಾಗ. ಆ ಗಳಿಗೆಗೆ ಆ ತಂಡಕ್ಕೆ ಡಿ.ಎಚ್. ಸೌಲಭ್ಯ ಆಟ ಮುಗಿಯುವವರೆಗೂ ರದ್ದು. ಅವನು ತನ್ನ ಬ್ಯಾಟಿಂಗ್ ಜಾಗದಲ್ಲೇ ಮುಂದುವರಿಯುತ್ತಾನೆ, ಪಿಚರ್ ಬಂದು ಹೊರಹೋದ ಫೀಲ್ಡರ್‌ನ ಬ್ಯಾಟಿಂಗ್ ಜಾಗ ಹಿಡಿಯುತ್ತಾನೆ. ಒಂದೇ ಬದಲಾವಣೆಗೆ ಮೂರು ಜನ ಅಲುಗಾಡುತ್ತಾರೆ. ಸ್ಕೋರರ್ ಇದನ್ನು ಮೂರು ಬೇರೆ ಬೇರೆ ಬದಲಾವಣೆಯಾಗಿ ಒತ್ತಿದರೆ ಮೊದಲನೆಯದಾದ ಕೂಡಲೇ ಆ್ಯಪ್ "ಒಂಬತ್ತಕ್ಕಿಂತ ಹೆಚ್ಚು ಜನ" ಎಂದು ಕೂಗಿ ನಿಲ್ಲಿಸುತ್ತದೆ. ಅದಕ್ಕೇ "ಒಟ್ಟಿಗೆ ಬದಲಿಸು" ಎಂಬ ಪುಟ ಇದೆ. ಎಲ್ಲ ಅದಲುಬದಲನ್ನೂ ಅಲ್ಲಿ ಮಾಡಿ, ಒಮ್ಮೆ ಸೇವ್ ಮಾಡಿ. ಜಾಗ ಮಾತ್ರ ಬದಲಿಸಿಕೊಂಡವರನ್ನೂ (ಶಾರ್ಟ್‌ಸ್ಟಾಪ್ ಎರಡನೇ ಬೇಸ್‌ಗೆ ಹೋದ, ಯಾರೂ ಹೊರಗೆ ಹೋಗಲಿಲ್ಲ) ಅಲ್ಲೇ ಬರೆಯಿರಿ.

ಪಿಚರ್ ತಾನೇ ಡಿ.ಎಚ್. ಆದರೆ? 2022ರ ನಿಯಮದಂತೆ, ಪಿಚರ್ ಆಗಿಯೂ ಡಿ.ಎಚ್. ಆಗಿಯೂ ಆಟ ಶುರು ಮಾಡಿದವನನ್ನು ಇಬ್ಬರು ಎಂದು ಲೆಕ್ಕ ಹಿಡಿಯುತ್ತಾರೆ, ಪಿಚಿಂಗ್ ಬಿಟ್ಟರೂ ಬ್ಯಾಟಿಂಗ್ ಮುಂದುವರಿಸಬಹುದು. ಎರಡೂ ಮಾಡುವ ಜಪಾನಿನ ಆಟಗಾರ ಶೋಹೆ ಒಟಾನಿ ಹೆಸರಲ್ಲೇ ಇದನ್ನು ಜನ ಕರೆಯುವುದು. ನಮ್ಮ ಆ್ಯಪ್ ಪಿಚರ್ ಹೊರಗೆ ಹೋದ ಎಂದ ಕೂಡಲೇ ಅವನನ್ನು ಬ್ಯಾಟಿಂಗ್‌ನಿಂದಲೂ ಎತ್ತಿಹಾಕುತ್ತಿತ್ತು. ಭಾನುವಾರದ ನಮ್ಮ ಆಟಗಳಲ್ಲಿ ಒಟಾನಿ ಯಾರೂ ಇಲ್ಲ, ಆದರೆ ಜನ ಕಡಿಮೆ ಬಂದ ದಿನ ಎಲ್ಲರೂ ಒಟಾನಿಗಳೇ.

ಹೊರಗೆ ಹೋದವನು ಮತ್ತೆ ಬಂದ

"ಬೆಂಚಿನ ಪಟ್ಟಿಯಲ್ಲಿ ಹೆಸರೇ ಕಾಣ್ತಿಲ್ಲ" ಎಂಬುದು ಇದರ ಲಕ್ಷಣ. ಬೇಸ್‌ಬಾಲ್‌ನ ಅಧಿಕೃತ ನಿಯಮದಲ್ಲಿ ಹೊರಹೋದವನು ಆ ಆಟಕ್ಕೆ ಮರಳುವಂತಿಲ್ಲ, ಆ್ಯಪ್ ಬೇಕೆಂದೇ ಮರೆಮಾಡುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಮೊದಲ ಪಟ್ಟಿಯವರು ಒಂದು ಸಲ ತಮ್ಮದೇ ಬ್ಯಾಟಿಂಗ್ ಜಾಗಕ್ಕೆ ಮರಳಬಹುದು. ನಿಮ್ಮ ಗೆಳೆಯರ ಆಟದಲ್ಲಿ ಬೇರೆ ಒಪ್ಪಂದ ಇರಬಹುದು. ಆಟ ತೆರೆಯುವಾಗಲೇ ನಿಯಮದ ಪುಟದಲ್ಲಿ "ಮರುಪ್ರವೇಶ" ಆರಿಸಿ. ಮರೆತಿದ್ದರೆ ಮಧ್ಯದಲ್ಲೂ ಬದಲಿಸಬಹುದು, ಹಿಂದಿನ ಸಾಲುಗಳಿಗೆ ಏನೂ ಆಗುವುದಿಲ್ಲ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಹೆಸರು ಕಾಣುವುದಿಲ್ಲ ಎಂದು ಅದೇ ಮನುಷ್ಯನನ್ನು ಕೊನೆಯಲ್ಲೊಂದು ಚುಕ್ಕಿ ಇಟ್ಟು ಹೊಸ ಆಟಗಾರನಾಗಿ ಸೇರಿಸುವುದು. ಒಂದು ತಂಡದಲ್ಲಿ ಒಬ್ಬರೇ ಮೂರು ಚುಕ್ಕಿಗಳವರೆಗೆ ಬೆಳೆದಿದ್ದರು. "ಆಟಗಾರರನ್ನು ಕೂಡಿಸು" ಒತ್ತಿದರೆ ಒಂದಾಗುತ್ತಾರೆ, ಆದರೆ ಕೂಡಿಸಿದ್ದನ್ನು ಬಿಡಿಸಲು ಬರುವುದಿಲ್ಲ.

ಮಳೆ ಬಂದು ಆಟ ನಿಂತರೆ

ಮೇ ತಿಂಗಳ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿದರೆ ಬೆಂಗಳೂರಲ್ಲಿ ಆಟ ಮುಗಿಯುತ್ತದೆಂದು ಯಾರೂ ನಂಬುವುದಿಲ್ಲ. ನಿಂತ ಆಟವನ್ನು ಎರಡು ವಾರ ಬಿಟ್ಟು ಅದೇ ಜಾಗದಿಂದ ಮುಂದುವರಿಸಿದೆವು. ಅಷ್ಟರಲ್ಲಿ ಒಬ್ಬ ಹುಡುಗ ಮನೆ ಬದಲಿಸಿ ಎದುರಾಳಿ ತಂಡಕ್ಕೆ ಸೇರಿದ್ದ. ತಂಡದ ಪುಟದಲ್ಲಿ ಅವನ ಹೆಸರನ್ನು ಆ ತಂಡಕ್ಕೆ ಸರಿಸಿದ್ದೇ ತಡ, ಎರಡು ವಾರದ ಹಿಂದೆ ನಮ್ಮ ಪರವಾಗಿ ಹೊಡೆದ ಹಿಟ್ಟುಗಳು ಎದುರಾಳಿಗೆ ಹೋದವು, ರನ್ ಸಮೇತ. ಆಟಗಾರ ಎಂದರೆ ತಂಡದ ಸ್ವತ್ತು ಎಂದು ಬರೆದಿಟ್ಟ ಫಲ.

ಇಂಥದ್ದು ಯಾರಿಗೂ ಆಗುವುದಿಲ್ಲ ಎಂದುಕೊಂಡರೆ, 2024ರಲ್ಲಿ ಮೇಜರ್ ಲೀಗ್‌ನಲ್ಲೇ ಆಯಿತು. ಜೂನ್ 26ರಂದು ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ ಟೊರಾಂಟೊ ತಂಡದ ಕ್ಯಾಚರ್ ಡ್ಯಾನಿ ಜಾನ್ಸನ್ ಬ್ಯಾಟ್ ಹಿಡಿದು ನಿಂತಿದ್ದಾಗ ಮಳೆಯಿಂದ ಆಟ ನಿಂತಿತು. ಜುಲೈಯಲ್ಲಿ ಅವರು ಬಾಸ್ಟನ್ ತಂಡಕ್ಕೆ ವರ್ಗವಾದರು. ಆಗಸ್ಟ್ 26ರಂದು ಆಟ ಮುಂದುವರಿದಾಗ ಟೊರಾಂಟೊ ಅವರ ಬದಲು ಪಿಂಚ್ ಹಿಟ್ಟರ್ ಕಳಿಸಿತು, ಬಾಸ್ಟನ್ ಅವರನ್ನೇ ಕ್ಯಾಚರ್ ಆಗಿ ಇಳಿಸಿತು. ಒಂದೇ ಆಟದಲ್ಲಿ ಎರಡೂ ತಂಡಕ್ಕೆ ಆಡಿದವರು ಮೇಜರ್ ಲೀಗ್‌ನಲ್ಲಿ ಅವರೇ ಮೊದಲು. ತಾನು ಶುರು ಮಾಡಿದ ಬ್ಯಾಟಿಂಗ್ ಸರದಿಗೆ ತಾನೇ ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವುದು! ಅದನ್ನು ಓದಿದ ರಾತ್ರಿಯೇ ಕೂತು, ಆಟಗಾರ ಬೇರೆ, ಈ ಆಟದಲ್ಲಿ ಈ ತಂಡಕ್ಕೆ ಅವನ ಹಾಜರಿ ಬೇರೆ ಎಂದು ಟೇಬಲ್ ಒಡೆದೆ. ಹಳೆಯ ಆವೃತ್ತಿಯವರು ನಿಂತ ಆಟ ಮುಗಿಯುವವರೆಗೆ ಆಟಗಾರನ ತಂಡ ಬದಲಿಸಬೇಡಿ.

ಎರಡು ಫೋನ್, ಎರಡು ಗಡಿಯಾರ

ಇಬ್ಬರು ಸ್ಕೋರ್ ಬರೆಯುತ್ತಿದ್ದು, ನೆಟ್‌ವರ್ಕ್ ಬಂದ ಮೇಲೆ ಎರಡೂ ಸೇರಿಕೊಂಡರೆ ಬದಲಾವಣೆ ಹಿಂದುಮುಂದಾಗುತ್ತದೆ. ಒಬ್ಬರ ಫೋನ್ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು, ಅಷ್ಟೇ ಕಾರಣ. ಈಗ ಸಮಯದ ಬದಲು ಇನ್ನಿಂಗ್ಸ್, ಎಷ್ಟನೇ ಬ್ಯಾಟರ್, ಎಷ್ಟನೇ ಪಿಚ್ ಎಂಬುದರಿಂದ ಜೋಡಿಸುತ್ತೇವೆ. ಹಳೆಯದರಲ್ಲಿ ಒಬ್ಬರೇ ಬರೆಯಿರಿ, ಇನ್ನೊಬ್ಬರು ಕಾಗದದ ಪುಸ್ತಕ ಹಿಡಿಯಿರಿ. ಹೊಸ ಬ್ಯಾಟರ್ ಬಂದಲ್ಲಿ ಚೌಕದ ಪಕ್ಕ ಉದ್ದ ಗೆರೆ, ಹೊಸ ಪಿಚರ್ ಬಂದಲ್ಲಿ ಅಡ್ಡ ಗೆರೆ. ಫೋನ್ ಬ್ಯಾಟರಿ ಸತ್ತಾಗ ಆ ಎರಡು ಗೆರೆಯಿಂದಲೇ ನಾವು ಒಂದು ಪೂರ್ತಿ ಆಟ ಮತ್ತೆ ಕಟ್ಟಿದ್ದೇವೆ.

ಇನ್ನೂ ಸರಿಹೋಗದ್ದು

ನಮ್ಮ ಗಲ್ಲಿ ಕ್ರಿಕೆಟ್ಟಿನ ಬೈ ರನ್ನರ್. ಕಾಲು ಉಳುಕಿದವನು ಬೇಸ್ ಸೇರುತ್ತಾನೆ, ಅವನ ಬದಲು ಇನ್ನೊಬ್ಬ ಓಡುತ್ತಾನೆ, ಮುಂದಿನ ಇನ್ನಿಂಗ್ಸ್‌ಗೆ ಉಳುಕಿದವನೇ ಫೀಲ್ಡ್‌ಗೆ ಬರುತ್ತಾನೆ. ಅಂತರರಾಷ್ಟ್ರೀಯ ಕ್ರಿಕೆಟ್ 2011ರಲ್ಲೇ ರನ್ನರ್ ನಿಲ್ಲಿಸಿತು, ಬೇಸ್‌ಬಾಲ್‌ನ ಅಧಿಕೃತ ನಿಯಮವೂ ಒಪ್ಪುವುದಿಲ್ಲ, ಭಾನುವಾರದ ಆಟದಲ್ಲಿ ಮಾತ್ರ ಬೇಕೇ ಬೇಕು. ಆ್ಯಪ್‌ನಲ್ಲಿ ಇದಕ್ಕೆ ಬಟನ್ ಇಲ್ಲ. ಪಿಂಚ್ ರನ್ನರ್ ಎಂದು ಒತ್ತಿದರೆ ಉಳುಕಿದವನು ಹೊರಗೆ ಹೋದ ಹಾಗೆ ಆಗುತ್ತದೆ. ಸದ್ಯಕ್ಕೆ ಏನನ್ನೂ ಒತ್ತದೆ ಉಳುಕಿದವನೇ ಓಡಿದ ಹಾಗೆ ಬರೆದು, ಓಡಿದವನ ಹೆಸರನ್ನು ಟಿಪ್ಪಣಿಯಲ್ಲಿ ಹಾಕಿ. ಟಿಪ್ಪಣಿಗೆ 60 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಬರೆದರೆ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ, ಹಾಗಾಗಿ ಚಿಕ್ಕದಾಗಿ ಬರೆಯಿರಿ.